ಸ್ಕಾಟ್ಲೆಂಡಿಗೆ ಹೋದ ಕೃಷ್ಣಾಜಿನ

ದೇಹೂ ರೋಡ್

ಮೀನಿನ ಮಾರುಕಟ್ಟೆಯ ಮುಂದೆ ಹಾಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವಳು ನಾನು. ಅಂಥವಳು ಹತ್ತು ವರ್ಷ ಮೀನಿನ ಗಾಳ ಕಟ್ಟುವ ಕೆಲಸ ಮಾಡಿದೆ, ಆ ಕೆಲಸದ ಮೇಲೆಯೇ ಸ್ಕಾಟ್ಲೆಂಡಿಗೂ ಹೋಗಿಬಂದೆ ಎಂದರೆ ಧಾರವಾಡದ ನಮ್ಮ ಬಳಗದವರು ಇಂದಿಗೂ ನಂಬುವುದಿಲ್ಲ. ಆ ದೇಶಕ್ಕೆ ಹೋಗಿಬಂದವರು ಕೋಟೆ, ಸರೋವರ, ಮಂಜು ಎಂದು ಬರೆಯುತ್ತಾರೆ. ಕೋಟೆಯನ್ನು ನಾನು ಕಂಡದ್ದು ಬಸ್ಸಿನ ಕಿಟಕಿಯಿಂದ, ಅದೂ ಅರ್ಧ. ನಾನು ಸರಿಯಾಗಿ ನೋಡಿಬಂದದ್ದು ಒಂದು ಕಪಾಟನ್ನು. ಅದರ ವಿಷಯ ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ಕೆಲಸದ ಮಾತು. ಆ ಕಡೆ ಶೋಕಿಗಾಗಿ ಮೀನು ಹಿಡಿಯುವವರು ಗಾಳಕ್ಕೆ ಎರೆಹುಳ ಚುಚ್ಚುವುದಿಲ್ಲ. ಸಣ್ಣ ಗಾಳಕ್ಕೆ ಕೂದಲು, ಗರಿ, ಬಣ್ಣದ ದಾರ ಬಿಗಿದು, ನೀರಿನಲ್ಲಿ ಜೀವಂತ ಹುಳದಂತೆ ಕಾಣುವ ಹಾಗೆ ಮಾಡಿ ಎಸೆಯುತ್ತಾರೆ. ಪುಣೆಯ ಹತ್ತಿರ ದೇಹೂ ರೋಡಿನ ಒಂದು ತಗಡಿನ ಶೆಡ್ಡಿನಲ್ಲಿ ನಾವು ಒಂಬತ್ತು ಮಂದಿ ಹೆಂಗಸರು ಇಂಥವನ್ನು ಕಟ್ಟುತ್ತಿದ್ದೆವು. ನಮ್ಮ ಬಾಯಲ್ಲಿ ಅವು ಬರೀ 'ಹುಳ'. ಶೆಡ್ಡಿನ ಯಜಮಾನರು ಸೈನ್ಯದಿಂದ ನಿವೃತ್ತರಾದ ಬೆಳಗಾವಿ ಕಡೆಯ ಮೇಜರ್ ಸಾಹೇಬರು. ನನ್ನ ಗಂಡ ಅಲ್ಲಿಯೇ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದರಿಂದ ಪರಿಚಯ. ಒಂದು ಗೌರಿ ಹಬ್ಬಕ್ಕೆ ಸಾಹೇಬರ ಹೆಂಡತಿಗೆ ನಾನು ಹತ್ತಿಯ ಗೆಜ್ಜೆವಸ್ತ್ರ ಮಾಡಿಕೊಟ್ಟಿದ್ದೆ. ಸಾಹೇಬರು ಅದನ್ನು ಕನ್ನಡಕ ಏರಿಸಿ ನೋಡಿದರು.

"ಪದ್ಮಾಬಾಯಿ, ನಿಮ್ಮ ಬೆರಳು ಭಾಳ ಬಾರೀಕ ಕೆಲಸಾ ಮಾಡ್ತಾವ್ರಿ. ಉದ್ಯಾದಿಂದ ಶೆಡ್ಡಿಗೆ ಬರ್ರಿ," ಎಂದರು.

ದೇವರ ಕೊರಳಿಗೆ ಹತ್ತಿ ಹೊಸೆದ ಬೆರಳು ಮೀನಿನ ಬಾಯಿಗೆ ಗಾಳ ಕಟ್ಟತೊಡಗಿದ್ದು ಹೀಗೆ.

ಇನ್ನು ಕೃಷ್ಣಾಜಿನದ ಮಾತು. ನಮ್ಮ ಮಾವನವರು ಜಪಕ್ಕೆ ಕೂಡುತ್ತಿದ್ದದ್ದು ಕೃಷ್ಣಮೃಗದ ಚರ್ಮದ ಮೇಲೆ. ಅವರ ಅಜ್ಜನ ಕಾಲದ್ದಂತೆ. ಅವರು ತೀರಿಕೊಂಡ ಮೇಲೆ ಅದನ್ನು ದೇವರ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದೆವು. ಬಳಗದಲ್ಲಿ ಯಾರದೇ ಮುಂಜಿವಿ ಗೊತ್ತಾಗಲಿ, ವಟುವಿನ ಜನಿವಾರಕ್ಕೆ ಕಟ್ಟುವ ಚೂರಿಗಾಗಿ ಎಲ್ಲರೂ ನಮ್ಮ ಮನೆಗೇ ಬರುತ್ತಿದ್ದರು. ಕತ್ತರಿ ತಂದು ಅಂಚಿನಿಂದ ಬೆರಳಗಲ ಕತ್ತರಿಸಿಕೊಡುವುದು ನನ್ನ ಪಾಲಿನ ಕೆಲಸ. ಆ ಚರ್ಮ ಒಂದು ಕಾಲಕ್ಕೆ ಓಡಾಡುತ್ತಿತ್ತು, ಹುಲ್ಲು ತಿನ್ನುತ್ತಿತ್ತು ಎಂದು ನನಗೆ ಎಂದೂ ಅನ್ನಿಸಿದ್ದಿಲ್ಲ. ಪಂಚಪಾತ್ರೆ, ಉದ್ಧರಣೆ, ಕೃಷ್ಣಾಜಿನ: ಎಲ್ಲ ಒಂದೇ ಸಾಲಿನ ಸಾಮಾನು.

ತೊಂಬತ್ತರ ದಶಕದ ನಡುವೆ ಒಂದು ಸಲ ಸ್ಕಾಟ್ಲೆಂಡಿನ ಗಿರಾಕಿಯಿಂದ ಹೊಸ ನಮೂನೆಯ ಚಿತ್ರ ಬಂತು, ಅದಕ್ಕೆ ಬೇಕಾದ ಕಪ್ಪು ಕೂದಲಿನ ಪೊಟ್ಟಣ ಬರಲಿಲ್ಲ. ಮುಂಬೈ ಬಂದರಿನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಸಾಹೇಬರು ಒಂದೇ ಸಮನೆ ಚಡಪಡಿಸುತ್ತಿದ್ದರು. ನಾನು ಮನೆಗೆ ಬಂದೆ, ಕತ್ತರಿ ತೆಗೆದುಕೊಂಡೆ, ರೂಢಿಯಂತೆ ಅಂಚು ಕತ್ತರಿಸಿದೆ. ಹನ್ನೆರಡು ಹುಳ ಕಟ್ಟಿ ಕಳಿಸಿದೆವು. ಒಂದು ತಿಂಗಳಿಗೆ ಇಡೀ ವರ್ಷದ ಆರ್ಡರು ಬಂತು. ಸಾಹೇಬರು ಶೆಡ್ಡಿಗೆ ಪೇಢೆ ಹಂಚಿದರು. ಎಲ್ಲಿಯ ಕೂದಲು ಎಂದು ಅವರಿಗೂ ಉಳಿದ ಹೆಂಗಸರಿಗೂ ನಾನೇ ಉಬ್ಬಿಕೊಂಡು ಹೇಳಿದೆ, ಹೇಗೆ ಕತ್ತರಿಸಿದೆ ಎಂದು ಕೈ ಮಾಡಿ ತೋರಿಸಿದೆ. ಆಮೇಲೆ ಅಲ್ಲಿಂದ ಬಂದ ಬೇರೆ ಕೂದಲಿನಿಂದಲೇ ಕೆಲಸ ನಡೆಯಿತು. ಆದರೂ "ಆ ಮೊದಲ ಹನ್ನೆರಡರ ಹಾಗಿಲ್ಲ" ಎಂದು ಗಿರಾಕಿಯ ಪ್ರತಿ ಪತ್ರದಲ್ಲಿಯೂ ಒಂದು ಸಾಲು ಇರುತ್ತಿತ್ತು.

ಮೂರು ವರ್ಷದ ಮೇಲೆ ಆ ಗಿರಾಕಿ ಆರ್ಡರಿನ ಮಾತಿಗೆಂದು ಸಾಹೇಬರನ್ನು ತಮ್ಮ ಊರಿಗೆ ಕರೆದರು. ಸಾಹೇಬರಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. "ಮೊದಲಿನ ಹನ್ನೆರಡು ಕಟ್ಟಿದವ್ರು ನೀವs ಅಲ್ರಿ? ನೀವs ಹೋಗ್ರಿ. ನಮ್ಮ ಆರ್ಡರ್ ಉಳಿಸಿಕೊಂಡು ಬರ್ರಿ," ಎಂದುಬಿಟ್ಟರು. ಸುದ್ದಿ ಕೇಳಿ ನನ್ನ ಗಂಡ ಮೊದಲು ಪಂಚಾಂಗ ತೆಗೆದು ನೋಡಿದರು. ಆಮೇಲೆ ಅವರೇ ಹೋಗಿ ನನಗೆ ಕಾಲುಚೀಲ ತಂದರು.

ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದಲ್ಲ. ಹೊರಡುವ ಮುನ್ನ ಮತ್ತೆ ಕತ್ತರಿ ತಂದೆ. ಈ ಸಲ ಅಂಗೈಯಗಲದ ತುಂಡು. ಮಡಿ ವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟೆ.

ಎಡಿನ್‌ಬರೊ

ವಿಮಾನದಲ್ಲಿ ಕೊಟ್ಟದ್ದನ್ನೆಲ್ಲ ಅನುಮಾನದಿಂದ ನೋಡಿ, ಕೊನೆಗೆ ಒಂದು ಸೇಬು ತಿಂದು ಸಮುದ್ರ ದಾಟಿದವಳು ನಾನು. ಇಳಿದ ಮೇಲೆ ಅವರು ನನ್ನ ಚೀಲವನ್ನು ಅಷ್ಟೇ ಅನುಮಾನದಿಂದ ನೋಡಿದ್ದು ನ್ಯಾಯವೇ. ಕಸ್ಟಮ್ಸಿನ ಕೆಂಪು ಗಡ್ಡದ ತರುಣನೊಬ್ಬ ಮೆಂತ್ಯದ ಹಿಟ್ಟಿನ ಡಬ್ಬಿ ತೆರೆದು ಮೂಸಿದ. ಹಳದಿ ಪುಡಿ. ಮುಖ ಗಂಭೀರವಾಯಿತು. ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಶೇಂಗಾ ಚಟ್ನಿಪುಡಿ ಮೂಸಿದರು. ಒಬ್ಬ ಸೀನಿದ, ಕೂಡಲೇ ನನಗೇ ಕ್ಷಮೆ ಕೇಳಿದ. ಆ ಜನ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ಪುಣೆಯಲ್ಲಿ ಸ್ಕೂಟರು ಕಾಲಿನ ಮೇಲೆ ಹೋದರೂ, ಕಾಲು ಅಲ್ಲಿ ಇಟ್ಟದ್ದು ಯಾಕೆ ಎಂದು ನಮ್ಮನ್ನೇ ಕೇಳುತ್ತಾರೆ.

ಡಬ್ಬಿಗಳ ಕೆಳಗೆ ಮಡಿ ವಸ್ತ್ರದ ಗಂಟಿತ್ತು. ಏನಿದು ಎಂದ. ಪೂಜೆಯ ವಸ್ತು ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡು, ಮತ್ತೊಮ್ಮೆ ಕ್ಷಮೆ ಕೇಳಿ, ಚೀಲ ಮುಚ್ಚಿಕೊಟ್ಟ. ಮೆಂತ್ಯದ ಹಿಟ್ಟನ್ನು ಮಾತ್ರ ಒಳಗೆ ಬಿಡಲಿಲ್ಲ. ಎಂಥ ದೇಶವಪ್ಪಾ ಎಂದು ನಾನು ಮನಸ್ಸಿನಲ್ಲೇ ಬೈದೆ. ಬಿಡಬಾರದ್ದು ಯಾವುದಾಗಿತ್ತು ಎಂಬುದು ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು.

ನದಿಯ ಊರು

ನಮ್ಮ ಗಿರಾಕಿ ಅಲೆಕ್ ಎಂಬ ಮುದುಕರು. ಎಪ್ಪತ್ತೈದು ದಾಟಿದ್ದವು. ಅಜ್ಜನ ಕಾಲದಿಂದ ನಡೆದುಬಂದ ಮೀನುಗಾರಿಕೆಯ ಸಾಮಾನಿನ ಅಂಗಡಿಯನ್ನು ಈಗ ಮಗ ಕಾಲಿನ್ ನೋಡಿಕೊಳ್ಳುತ್ತಿದ್ದ. ಇಬ್ಬರ ಇಂಗ್ಲಿಷೂ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಕಾಲು ಭಾಗ. ಇಲ್ಲಿ ಬರೆಯುತ್ತಿರುವುದು ನನಗೆ ತಿಳಿದಷ್ಟು.

ಮಳೆ ಅಂದರೆ ಮಳೆಯೂ ಅಲ್ಲ, ಬಿಡುವೂ ಅಲ್ಲ. ಇಡೀ ದಿನ ಆಕಾಶ ಒದ್ದೆ ಬಟ್ಟೆಯ ಹಾಗೆ ತಲೆಯ ಮೇಲೆ ಇರುತ್ತಿತ್ತು. ನನಗೆ ಬಂದ ದಿನವೇ ಮನಸ್ಸು ಕುಗ್ಗಿತು. ಮರುದಿನ ಮಧ್ಯಾಹ್ನ ಅಲೆಕ್ ನನ್ನನ್ನು ನದಿಗೆ ಕರೆದುಕೊಂಡು ಹೋದರು. ಕೊರಳಿಗೆ ಟೈ ಕಟ್ಟಿಕೊಂಡು, ಸೊಂಟದವರೆಗೆ ರಬ್ಬರಿನ ಬೂಟು ಹಾಕಿ ನೀರಿಗಿಳಿದರು. ನಮ್ಮಲ್ಲಿ ಲಗ್ನಕ್ಕೆ ಹೋಗುವವರೂ ಅಷ್ಟು ಠೀಕಾಗಿ ಹೋಗುವುದಿಲ್ಲ. ಎರಡು ತಾಸು ನಿಂತ ಮೇಲೆ ಒಂದು ಮೀನು ಸಿಕ್ಕಿತು. ಅದರ ತುಟಿಯಿಂದ ಗಾಳವನ್ನು ಮೆಲ್ಲಗೆ ಬಿಡಿಸಿ, ನೀರಿನೊಳಗೇ ಹಿಡಿದುಕೊಂಡು, ಏನೋ ಸಮಾಧಾನ ಹೇಳಿ ಬಿಟ್ಟುಬಿಟ್ಟರು.

ತಿನ್ನದೆ ಇದ್ದರೆ ಹಿಡಿದದ್ದು ಯಾಕೆ ಎಂದು ನನಗೆ ತಡೆಯಲಾಗದೆ ಕೇಳಿದೆ.

"ನಲವತ್ತು ವರ್ಷದಿಂದ ನನ್ನ ಹೆಂಡತಿಯೂ ಅದನ್ನೇ ಕೇಳುತ್ತಿದ್ದಾಳೆ," ಎಂದರು ಅಲೆಕ್.

ಅವರ ಟೋಪಿಯ ಅಂಚಿಗೆ ಸಿಕ್ಕಿಸಿದ್ದ ಒಂದು ಕಪ್ಪು ಹುಳ ನನ್ನ ಕಣ್ಣಿಗೆ ಬಿತ್ತು. ಬುಡದಲ್ಲಿ ದಾರ ಎರಡು ಸುತ್ತು ಹೆಚ್ಚು. ಹೆಚ್ಚಿಗೆ ಎರಡು ಸುತ್ತು ಸುತ್ತುವ ಚಾಳಿ ಇಡೀ ಶೆಡ್ಡಿನಲ್ಲಿ ನನ್ನೊಬ್ಬಳದೇ. ನನ್ನ ಮೊದಲ ಹನ್ನೆರಡರಲ್ಲಿ ಒಂದು! ಸಾವಿರಾರು ಮೈಲು ದೂರದ ಆ ಬೂದು ನದಿಯ ದಂಡೆಯಲ್ಲಿ ತವರಿನವರು ಎದುರಾದಂತೆ ಆಯಿತು, ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಎಂದೂ ನೀರಿಗೆ ಹಾಕಿರಲಿಲ್ಲವಂತೆ.

ಸಂಜೆ ಚಹಾಕ್ಕೆ ಅಪ್ಪ ಮಗ ಇಬ್ಬರೂ ಇದ್ದರು. ಇದೇ ಹೊತ್ತು ಎಂದುಕೊಂಡು ನಾನು ಮಡಿ ವಸ್ತ್ರದ ಗಂಟು ಬಿಚ್ಚಿದೆ. ನಮ್ಮಲ್ಲಿ ಇದು ಎಷ್ಟು ಪವಿತ್ರ, ಮಾವನವರು ಇದರ ಮೇಲೆ ಎಷ್ಟು ವರ್ಷ ಕೂತರು, ಮುಂಜಿವಿಗೆ ಹೇಗೆ ಬೇಕಾಗುತ್ತದೆ, ನಮ್ಮವರಲ್ಲಿ ಹಳೆಯ ಮನೆಗಳಲ್ಲೆಲ್ಲ ಇಂಥದೊಂದು ಹೇಗೆ ತೂಗಾಡುತ್ತಿರುತ್ತದೆ ಎಂದು ನನ್ನ ಕಾಲು ಭಾಗದ ಇಂಗ್ಲಿಷಿನಲ್ಲಿ ಹೇಳಿದೆ. ಕಾಲಿನ್ ಕುರ್ಚಿಯಿಂದ ಎದ್ದು ಬಂದು ತುಂಡನ್ನು ಬೆಳಕಿಗೆ ಹಿಡಿದ, ಕೂದಲಿನ ಮೇಲೆ ಬೆರಳಾಡಿಸಿದ. ಅಲೆಕ್ ಚಹಾದ ಕಪ್ಪನ್ನು ಕೆಳಗಿಟ್ಟರು. ಅವರು ಅದನ್ನು ಮುಟ್ಟಲಿಲ್ಲ. ನನ್ನಿಂದ ಏನೋ ತಪ್ಪಾಗಿದೆ ಎಂದುಕೊಂಡು ತುಂಡನ್ನು ಮತ್ತೆ ಮಡಿ ವಸ್ತ್ರದಲ್ಲಿ ಸುತ್ತಿದೆ.

ಕಪಾಟು

ಮರುದಿನ ತಿಂಡಿಯಾದ ಮೇಲೆ ಅಲೆಕ್ ನನ್ನನ್ನು ಮನೆಯ ಹಿಂದಿನ ಕೋಣೆಗೆ ಕರೆದರು. ಗೋಡೆಯಷ್ಟಗಲದ ಮರದ ಕಪಾಟು. ಬೀಗ ತೆಗೆದರು. ಡಾಂಬರಿನ ಗುಳಿಗೆಯ ವಾಸನೆ ಗಪ್ಪೆಂದು ಹೊಡೆಯಿತು. ಸಾಲು ಸಾಲು ಸಣ್ಣ ಸಣ್ಣ ಖಾನೆಗಳು, ಒಂದೊಂದರ ಮೇಲೂ ಹಳೆಯ ಶಾಯಿಯ ಚೀಟಿ.

ಒಂದೊಂದನ್ನೇ ಎಳೆದು ತೋರಿಸಿದರು. ಹಿಮಕರಡಿಯ ಬಿಳಿ ಕೂದಲು. ಸೀಲ್ ಎಂಬ ಕಡಲ ಪ್ರಾಣಿಯ ಮರಿಯ ತುಪ್ಪಳ. ನೀರುನಾಯಿಯ ತುಪ್ಪಳ. ಹೆಸರು ಕೇಳದ ಎಷ್ಟೋ ಪಕ್ಷಿಗಳ, ಗರಿ ಸಮೇತ ಸುಲಿದ ಕೊರಳಿನ ಚರ್ಮ. ಒಂದು ಖಾನೆಯಲ್ಲಿ ನಮ್ಮ ದೇಶದ ಕಾಡುಕೋಳಿಯ ಕೊರಳುಗಳು, ಒಂದರ ಮೇಲೊಂದು, ಇಸ್ತ್ರಿ ಮಾಡಿಟ್ಟ ಕರವಸ್ತ್ರದ ಹಾಗೆ. ಅವರ ಅಜ್ಜನ ಕಾಲದಲ್ಲಿ ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಬರುತ್ತಿದ್ದವಂತೆ.

"ನಾನೂ ಇವುಗಳಿಂದ ಕಟ್ಟುತ್ತಿದ್ದೆ," ಎಂದರು. "ಇವು ಹಳೆಯವು, ಸತ್ತು ಎಷ್ಟೋ ಕಾಲವಾಯಿತು, ನಾನು ಕೊಂದದ್ದಲ್ಲ ಎಂದುಕೊಳ್ಳುತ್ತಿದ್ದೆ. ನಾನು ಕಟ್ಟಿದ್ದನ್ನು ನೋಡಿ ಇನ್ನೊಬ್ಬ ತನಗೂ ಬೇಕು ಎನ್ನುತ್ತಿದ್ದ. ಅವನ ಹತ್ತಿರ ಹಳೆಯದು ಇರುತ್ತಿರಲಿಲ್ಲ. ಅವನಿಗಾಗಿ ಯಾರೋ ಎಲ್ಲಿಯೋ ಹೊಸದನ್ನು ಕೊಂದು ತರುತ್ತಿದ್ದರು. ಅದಕ್ಕೂ ಹಳೆಯದು ಎಂದೇ ಹೆಸರು."

ಹಾಗಾದರೆ ಇದನ್ನೆಲ್ಲ ಬಿಸಾಕಬಾರದೇ ಎಂದೆ.

"ಬಿಸಾಕಿದರೆ ಇವು ಸತ್ತದ್ದು ಯಾತಕ್ಕೂ ಅಲ್ಲ ಅಂತಾಗುತ್ತದೆ. ಮಾರಿದರೆ ಇನ್ನಷ್ಟು ಸಾಯುತ್ತವೆ. ಅದಕ್ಕೇ ಬೀಗ."

ಆಮೇಲೆ ಒಂದು ಪುಸ್ತಕ ತೆಗೆದು ಚಿತ್ರ ತೋರಿಸಿದರು. ಕೃಷ್ಣಮೃಗ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುವಿದ ಕೊಂಬು, ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿವೆ. ನಿನ್ನ ದೇಶದ್ದೇ, ನೋಡಿದ್ದೀಯಾ ಎಂದರು. ಐವತ್ತಕ್ಕೆ ಹತ್ತಿರವಾದ ನಾನು ಅದರ ಚರ್ಮವನ್ನು ಕತ್ತರಿಯಿಂದ ಎಷ್ಟು ಸಲ ಕತ್ತರಿಸಿದ್ದೆನೋ, ಅದರ ಮುಖವನ್ನು ನೋಡಿದ್ದು ಅಂದೇ ಮೊದಲು. ಅದನ್ನು ಹೊಡೆಯುವುದು, ಮಾರುವುದು, ಸಾಗಿಸುವುದು ನಮ್ಮ ದೇಶದಲ್ಲಿಯೇ ಅಪರಾಧ ಎಂದು ಅವರಿಂದ ತಿಳಿಯಬೇಕಾಯಿತು. ನಾಚಿಕೆಯಿಂದ ಪುಸ್ತಕ ಮುಚ್ಚಿ ಅವರ ಕೈಗಿಟ್ಟೆ.

ನನ್ನ ತುಂಡನ್ನು ಅವರು ಹಿಂದಿರುಗಿಸಲಿಲ್ಲ. ವಾಪಸು ಒಯ್ದರೆ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀ ಎಂದರು. ಒಂದು ಖಾಲಿ ಖಾನೆ ಎಳೆದು, ಮಡಿ ವಸ್ತ್ರದ ಸಮೇತ ಇಟ್ಟರು. ಚೀಟಿ ಬರೆಯಲು ಮಾವನವರ ಹೆಸರು ಕೇಳಿದರು. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ರಾಘವೇಂದ್ರಾಚಾರ್ಯ, ಧಾರವಾಡ. ನೀರುನಾಯಿಯ ಪಕ್ಕದ ಖಾನೆಯ ಮೇಲೆ ನಮ್ಮ ಮಾವನವರ ಹೆಸರು ಏರಿತು. ಸಂಧ್ಯಾವಂದನೆಯಾಗದೆ ಊಟ ಮುಟ್ಟದ ಮನುಷ್ಯ ಅವರು.

ಅಲೆಕ್ ಬೀಗ ಹಾಕಿ, ಟೋಪಿಯಿಂದ ಆ ಕಪ್ಪು ಹುಳವನ್ನು ಬಿಡಿಸಿ ನನ್ನ ಕೈಯಲ್ಲಿಟ್ಟರು. "ಇದನ್ನಾದರೂ ಮನೆಗೆ ಕರೆದುಕೊಂಡು ಹೋಗು," ಎಂದರು.

ಕಾಲಿನ್‌ನ ಅಂಗಡಿ

ಮರುದಿನ ಕಾಲಿನ್ ಅಂಗಡಿಗೆ ಕರೆದ. ಒಳ್ಳೆಯ ಹುಡುಗನೇ, ಕುರ್ಚಿ ತಾನೇ ಎಳೆದು ಕೊಟ್ಟ. ಆದರೆ ವ್ಯವಹಾರದ ಮಾತು ಶುರುವಾದದ್ದೇ ನೇರವಾಗಿ ಹೇಳಿದ. ಸಾದಾ ಹುಳಗಳು ಈಗ ಬೇರೆ ದೇಶಗಳಿಂದ ಇನ್ನೂ ಅಗ್ಗಕ್ಕೆ ಬರುತ್ತಿವೆ. ಅವನಿಗೆ ನಮ್ಮಿಂದ ಬೇಕಾದದ್ದು ಆ ಕಪ್ಪು ಹುಳ ಒಂದೇ, ಆ ಕೂದಲಿನದೇ. ಅದಿದ್ದರೆ ನಮ್ಮ ಶೆಡ್ಡಿಗೆ ಕೆಲಸ, ಇಲ್ಲದಿದ್ದರೆ ಇದೇ ಕೊನೆಯ ವರ್ಷ.

"ಹಳೆಯ ಚರ್ಮ ಮನೆಮನೆಯಲ್ಲಿ ತೂಗಾಡುತ್ತಿವೆ ಎಂದು ನೀವೇ ಹೇಳಿದಿರಲ್ಲ? ಹಳೆಯದಾದರೆ ಯಾರಿಗೂ ತೊಂದರೆಯಿಲ್ಲ," ಎಂದ.

ಆಗ ನಾನು ಮಾಡಿದ ಕೆಲಸವನ್ನು ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ನಾನು ಮನಸ್ಸಿನಲ್ಲೇ ಮನೆಗಳನ್ನು ನೆನೆಸಿಕೊಂಡೆ. ಪುಣೆಯಲ್ಲಿಯೇ ಸದಾಶಿವ ಪೇಟೆಯ ಇಂದಿರಾ ಮಾಮಿಯ ಮನೆಯಲ್ಲಿ ಒಂದಿದೆ. ಕಾತ್ರಜದ ಜೋಯಿಸರಲ್ಲಿ ಎರಡಿವೆ, ಅವರಿಗೇನು, ಕೇಳಿದರೆ ಕೊಟ್ಟಾರು. ಬೆಳಗಾವಿಯ ಕಾಕಾನ ಮನೆಯದ್ದು ದೊಡ್ಡದು. ಹಿಂದಿನ ದಿನವಷ್ಟೇ ಆ ಕಪಾಟಿನ ಮುಂದೆ ನಿಂತು ನಾಚಿದವಳು ನಾನೇ. ಶೆಡ್ಡಿನಲ್ಲಿ ನನ್ನ ಬದಿಗೆ ಕೂಡುವ ಸುಶೀಲಾಳ ಮುಖ ಕಣ್ಮುಂದೆ ಬರುತ್ತಿತ್ತು. ಗಂಡನಿಲ್ಲದ ಅವಳ ಮನೆ ನಡೆಯುವುದು ಹುಳದ ಮೇಲೆಯೇ. ಗಾಳಿಯಲ್ಲಿ ಹಾರಿದ ಆ ನಾಲ್ಕು ಕಾಲುಗಳೂ ಕಣ್ಮುಂದೆ ಬರುತ್ತಿದ್ದವು.

ಕೊನೆಗೆ, ಇಲ್ಲ, ಇದ್ದದ್ದು ನಮ್ಮ ಮನೆಯದೊಂದೇ, ಅದೂ ಮುಗಿಯಿತು ಎಂದೆ. ತಪ್ಪು, ಕೊಡುವುದಿಲ್ಲ ಎಂದು ಎದೆಗೊಟ್ಟು ಹೇಳುವ ಧೈರ್ಯ ಬರಲಿಲ್ಲ. ಸುಳ್ಳಿನ ಹಿಂದೆ ಅಡಗಿಕೊಂಡೆ. ಕಾಲಿನ್ ಬೇಸರದಿಂದ ತಲೆಯಾಡಿಸಿ, ಮೇಜರ್ ಸಾಹೇಬರಿಗೆ ಒಂದು ಫ್ಯಾಕ್ಸ್ ಹಾಕಿ ವಿಚಾರಿಸುತ್ತೇನೆ ಎಂದ. ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ವಿಮಾನ ಇದ್ದದ್ದು ಒಂದು ವಾರದ ಮೇಲೆ. ಅಲ್ಲಿಯವರೆಗೂ, ಬರುವ ದಾರಿಯುದ್ದಕ್ಕೂ, ಕೆಲಸ ಹೋಯಿತು ಎಂದು ಎಂಟು ಮಂದಿಗೆ ಹೇಗೆ ಹೇಳಲಿ ಎಂಬುದೊಂದೇ ಚಿಂತೆ.

ಮತ್ತೆ ದೇಹೂ ರೋಡ್

ಮನೆಗೆ ಬಂದು, ಕೈಕಾಲು ತೊಳೆದು, ದೇವರ ಕೋಣೆಗೆ ಹೋದೆ. ಮೊಳೆ ಇತ್ತು. ಅದರ ಕೆಳಗೆ ಗೋಡೆಯ ಸುಣ್ಣ ಒಂದು ಮೃಗದ ಆಕಾರದಲ್ಲಿ ಮಾತ್ರ ಬೆಳ್ಳಗಿತ್ತು.

"ಅಲ್ರೀ, ಕೃಷ್ಣಾಜಿನ ಎಲ್ಲ್ಯದ?" ಎಂದು ಒಳಗಿನಿಂದಲೇ ಕೂಗಿದೆ.

"ಮೇಜರ್ ಸಾಹೇಬ್ರು ಮೊನ್ನೆ ಬಂದಿದ್ರು," ಎಂದರು ಇವರು, ಪೇಪರಿನಿಂದ ಮುಖ ಎತ್ತದೆ. "ಅಲ್ಲಿಂದ ಫ್ಯಾಕ್ಸ್ ಬಂದದಂತ, ನೀ ಅಲ್ಲಿ ಆರ್ಡರ್ ಗಟ್ಟಿ ಮಾಡೀಯಂತ, ಲಗೂನ ಬೇಕಂದ್ರು. ಕೊಟ್ಟೆ. ಮತ್ತ ನೀನs ಅಲ್ಲೇನು ಅದನ್ನ ಮೊದಲು ಕತ್ತರಿಸಿದಾಕಿ?"

ಮರುದಿನ ಶೆಡ್ಡಿಗೆ ಹೋದೆ. ಉದ್ದ ಮೇಜಿನ ಮೇಲೆ ನಾಲ್ಕು ಚರ್ಮ ಹಾಸಿದ್ದವು. ಒಂದು ನಮ್ಮದು, ನಾನು ಕತ್ತರಿಸಿದ ಅಂಚಿನಿಂದಲೇ ಗುರುತು ಸಿಕ್ಕಿತು. ಎರಡು ಯಾರ ಮನೆಯವೋ, ಕುಂಕುಮದ ಕಲೆ ಇತ್ತು. ನಾಲ್ಕನೆಯದರ ಹತ್ತಿರ ಬಗ್ಗಿದೆ. ಹಳೆಯ ಕೂದಲು ಹಿಡಿದರೆ ಮುರಿಯುತ್ತದೆ. ಇದು ಬೆರಳಿಗೆ ಬಾಗುತ್ತಿತ್ತು. ಕೆಳಗಿನಿಂದ ಉಪ್ಪು, ಕೊಬ್ಬಿನ ವಾಸನೆ.

"ಸಾಹೇಬ್ರ, ಇದು ಹಳೇದಲ್ರಿ," ಎಂದೆ.

"ಹಳೇದs ರೀ. ಕಾತ್ರಜದಾಗ ಧಾರವಾಡ ಬಸ್ಸಿನವ ಒಬ್ಬ ತಂದುಕೊಟ್ಟ, ನಿಮ್ಮ ಕಡಿಂದನs ಬಂದದ್ದು." ಸಾಹೇಬರು ನನ್ನ ಮುಖ ನೋಡಲಿಲ್ಲ. "ಪದ್ಮಾಬಾಯಿ, ಒಂಬತ್ತು ಮನಿ ಒಲಿ ಉರೀಬೇಕು. ಜಾವೂ ದ್ಯಾ, ಹೋಗ್ಲಿ ಬಿಡ್ರಿ, ಭಾಳ ವಿಚಾರ ಮಾಡಬ್ಯಾಡ್ರಿ."

ಅಲೆಕ್ ಅವರ ಕಪಾಟು, ಬೀಗ, ಚೀಟಿ, ಎಲ್ಲ ಹೇಳಿದೆ. ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಸುಶೀಲಾ ತನ್ನ ಕತ್ತರಿಯನ್ನು ಎತ್ತಿಕೊಂಡಳು. ಸಿಟ್ಟಿನಿಂದಲ್ಲ, ಬಹಳ ಮೆಲ್ಲಗೆ ಹೇಳಿದಳು:

"ಪದ್ಮಕ್ಕಾ, ಹೆಂಗ ಕತ್ತರಿಸಬೇಕಂತ ನೀವs ಕಲಿಸೀರಿ. ನಿಮ್ಮ ಮನ್ಯಾಗ ನಿಮ್ಮವರ ಪಗಾರ ಬರ್ತದ. ನಾ ಏನ ಮಾಡ್ಲಿ ಹೇಳ್ರಿ."

ನನ್ನ ಕನ್ನಡಕ, ನನ್ನ ಚಿಮಟ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ಅವರು ಕಟ್ಟಿದರು, ಆರ್ಡರೂ ಬಂತು. ಎರಡು ವರ್ಷದ ಮೇಲೆ ಸಾಹೇಬರು ತೀರಿಕೊಂಡು ಶೆಡ್ಡು ತಾನಾಗಿಯೇ ಮುಚ್ಚುವವರೆಗೆ ಎಷ್ಟು 'ಹಳೆಯವು' ಕಾತ್ರಜದಲ್ಲಿ ಇಳಿದವೋ ನನಗೆ ಗೊತ್ತಿಲ್ಲ. ಸುಶೀಲಾ ಎದುರಿಗೆ ಸಿಕ್ಕರೆ ನಾವಿಬ್ಬರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಳ್ಳುತ್ತ ಹೋಗುತ್ತೇವೆ.

ಅಲೆಕ್ ಕೊಟ್ಟ ಹುಳವನ್ನು ಆ ಖಾಲಿ ಮೊಳೆಗೆ ಸಿಕ್ಕಿಸಿದ್ದೆ. ಹೋದ ಮಾಘದಲ್ಲಿ ನಮ್ಮ ನಾದಿನಿ ಧಾರವಾಡದಿಂದ ಬಂದಳು. ಮಗನ ಮುಂಜಿವಿ ಗೊತ್ತಾಗಿತ್ತು. ಕುಂಕುಮ ಹಚ್ಚಿಸಿಕೊಂಡು, ಲಗ್ನಪತ್ರಿಕೆಯಂಥ ಕಾರ್ಡು ಕೈಗಿಟ್ಟು, "ವೈನಿ, ಅಪ್ಪನ ಕೃಷ್ಣಾಜಿನದ ಚೂರು ಬೇಕಲಾ, ಕತ್ತರಿ ತರ್ರಿ," ಎಂದಳು.

ಕತ್ತರಿ ತಂದೆ. ಮೊಳೆಯಿಂದ ಗಾಳ ಇಳಿಸಿ, ನಾನೇ ಹಾಕಿದ್ದ ಆ ಹೆಚ್ಚಿನ ಎರಡು ಸುತ್ತುಗಳನ್ನು ಬಿಚ್ಚಿದೆ. ಕೂದಲು ಅಂಗೈಗೆ ಉದುರಿದವು, ಒಂದು ಚಿಟಿಕೆಯಷ್ಟೂ ಇರಲಿಲ್ಲ. ಕಾಗದದಲ್ಲಿ ಮಡಿಸಿ ಅವಳ ಕೈಗೆ ಕೊಟ್ಟೆ.

ಅವಳು ಬಿಚ್ಚಿ ನೋಡಿ ನನ್ನ ಮುಖ ನೋಡಿದಳು.

"ಇಷ್ಟs ಏನ್ರಿ ವೈನಿ?"

"ಅಪ್ಪಾ ಅವರದು ಇಷ್ಟs ಉಳದದ," ಎಂದೆ.